ಹಡಗಿನ ಊಟಕ್ಕೆ ಹೆಸರಿಟ್ಟ ಅಕ್ಕ

“ಹೋದ್ಸಲದ ರುಚಿ ಈ ಸಲ ಇರ್ಲಿಲ್ಲ ಕಣೇ. ಊಟದ ಮೆನುನೇ ಬದಲಾಯಿಸ್ಬಿಟ್ಟಿದಾರೆ” ಎನ್ನುತ್ತಾ ನನ್ನ ಹಿರಿಯ ವಾರಗಿತ್ತಿ ಅಕ್ಕ ಇನ್ನೊಂದು ಅಕ್ಕಿರೊಟ್ಟಿಗೆ ತಟ್ಟೆ ಮುಂದೆ ಮಾಡಿದರು. ಎರಡನೇ ಬಾರಿ ಕ್ರೂಸ್ ಹಡಗಿನಲ್ಲಿ ಸುತ್ತಿ, ಕಡೂರಿನ ನಮ್ಮ ಮನೆಗೆ ಬಂದಿದ್ದರು. ಪ್ರವಾಸಕ್ಕೆಂದು ಹಚ್ಚಿದ ಉಗುರುಬಣ್ಣ ಇನ್ನೂ ಮಾಸಿರಲಿಲ್ಲ.

ಸೂಪು ತೆಳ್ಳಗಿತ್ತಂತೆ, ಸಿಹಿ ಕಡಿಮೆ ಮಾಡಿದ್ದರಂತೆ. ಕೆಲವರಿಗೆ ಹೊಸದೇ ಹಿಡಿಸಿತಂತೆ, ಇವರಿಗೆ ಇಲ್ಲ. “ನಾನು ಕರೆದು ಹೇಳೇಬಿಟ್ಟೆ. ಹೆಡ್ ಕುಕ್ಕೇ ಟೇಬಲ್ ಹತ್ರ ಬಂದು ಸಾರಿ ಕೇಳ್ದ.”

ನನಗೆ ಸಮುದ್ರದ ಮೇಲೆ ಆಸೆಯಾಗಲಿಲ್ಲ, ಆ ಊಟದ ಮೇಲೂ ಇಲ್ಲ. ಹೊಟ್ಟೆ ಉರಿದದ್ದು ಅವರ ದೂರಿಗೆ. ನಮ್ಮ ಮನೆಯಲ್ಲಿ ಉಪ್ಪು ಕಡಿಮೆಯಾದರೂ ಖಾರ ಹೆಚ್ಚಾದರೂ ದೂರು ಬರುವುದು ನನಗೆ. ನಾನು ಯಾರಿಗೆ ಹೇಳಲಿ?

ಮರುವಾರ ತರೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದಾಗ, ಸಪ್ಲೈಯರನ್ನು ಕರೆದು, “ಚಟ್ನಿ ನೀರಾಗಿದೆಯಲ್ಲ” ಎಂದೆ. ನಮ್ಮ ಯಜಮಾನರು ಕಾಫಿ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. “ಬೇಜಾರ್ ಮಾಡ್ಕೋಬೇಡಿ ತಾಯಿ, ಬೇರೆ ತರ್ತೀನಿ” ಎಂದು ಆತ ಬಟ್ಟಲು ಎತ್ತಿಕೊಂಡು ಹೋದ.

ನಿಜ ಹೇಳಬೇಕೆಂದರೆ ಚಟ್ನಿ ಗಟ್ಟಿಯಾಗಿಯೇ ಇತ್ತು. ಆದರೆ ಅಷ್ಟು ರುಚಿಯಾದ ದೋಸೆಯನ್ನು ನಾನು ಬಹಳ ವರ್ಷಗಳಿಂದ ತಿಂದಿರಲಿಲ್ಲ.