ಡಾಕ್ಟರು ಅರ್ಧಕ್ಕೆ ಬಿಟ್ಟ ವಿಮರ್ಶೆ

ಬಚ್ಚಲಿನಲ್ಲಿ ಯಾರೋ ಹೊಸ ಸಾಬೂನು ಇಟ್ಟಿದ್ದರು. ಕೆಂಪು ಕಾರ್ಬಾಲಿಕ್ ಸಾಬೂನು. ಅದು ಈಗಲೂ ಸಿಗುತ್ತದೆಂದು ನನಗೆ ಗೊತ್ತಿರಲಿಲ್ಲ. ಮುಖಕ್ಕೆ ಹಚ್ಚಿದ್ದೇ ತಡ, ಆ ಖಾರವಾದ ವಾಸನೆ ಮೂಗಿಗೆ ಏರಿತು. ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಹೊತ್ತು ನಿಂತೆ. ಗುರುವಾಯನಕೆರೆಯಲ್ಲಿ ದಾರಿಗಳು ಕೂಡುವ ಜಾಗ, ಅಲ್ಲಿದ್ದ ಹೆಂಚಿನ ಮಾಡಿನ ಕ್ಲಿನಿಕ್ಕು, ಅದರ ಜಗಲಿಯ ತುದಿಯಲ್ಲಿ ಮೊಣಕೈವರೆಗೆ ನೊರೆ ಮಾಡಿಕೊಂಡು ಕೈ ತೊಳೆಯುತ್ತಿದ್ದ ನಮ್ಮ ಡಾಕ್ಟರು... ರೋಗಿಯನ್ನು ಮುಟ್ಟುವ ಮೊದಲು ಎಷ್ಟು ಉಜ್ಜುತ್ತಿದ್ದರೋ, ಬರೆಯಲು ಕೂರುವ ಮೊದಲೂ ಅಷ್ಟೇ ಉಜ್ಜುತ್ತಿದ್ದರು.

ಅರುವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಲ್ಲಿನ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು. ಮನೆಯಲ್ಲಿ ಅಮ್ಮ, ಅಣ್ಣ, ನಾನು. ಅಣ್ಣ ಬಸ್ಸಿನ ಏಜೆಂಟ್. ಕ್ಲಿನಿಕ್ಕಿನ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ ಅವನ ಬುಕ್ಕಿಂಗ್ ಕೋಣೆ. ಬಸ್ಸು ಬಂದಾಗ ಹೊರಗೆ ಬಂದು, "ಬೆಳ್ತಂಗಡಿ, ಉಜಿರೆ, ಕಕ್ಕಿಂಜೆ" ಎಂದು ಅವನು ಕೂಗಿದರೆ ನಮ್ಮ ತರಗತಿಗೂ ಕೇಳುತ್ತಿತ್ತು.

ಡಾಕ್ಟರು ಮದ್ರಾಸಿನಲ್ಲಿ ಓದಿದವರು. ಅಲ್ಲಿ ಅಂಟಿಸಿಕೊಂಡ ಇಂಗ್ಲಿಷ್ ಸಿನಿಮಾದ ಹುಚ್ಚು ಊರಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಅದರಲ್ಲೂ ಒಬ್ಬನೇ ನಿರ್ದೇಶಕ. ಎದೆ ಹಿಡಿದುಕೊಂಡು ನೋಡಬೇಕಾದ ಚಿತ್ರಗಳಿಗೆ ಲೋಕವಿಡೀ ಹೆಸರಾಗಿದ್ದವನು. ಅವನ ಚಿತ್ರ ಮಂಗಳೂರಿಗೆ ಬಂತೆಂದರೆ ಡಾಕ್ಟರು ಹೆಂಡತಿಯನ್ನು ಕರೆದುಕೊಂಡು ಬೆಳಗ್ಗಿನ ಬಸ್ಸು ಹತ್ತುತ್ತಿದ್ದರು. ಒಂದೇ ಚಿತ್ರಕ್ಕೆ ಮತ್ತೆ ಮತ್ತೆ ಹೋಗುತ್ತಿದ್ದರು. ಮೊದಲು ಕತೆಗಾಗಿ. ಆಮೇಲೆ ಪಾತ್ರಗಳ ಕೈಗಳನ್ನಷ್ಟೇ ಗಮನಿಸಲಿಕ್ಕೆ. ಕೊನೆಗೊಮ್ಮೆ ಕಣ್ಣು ಮುಚ್ಚಿ ಬರಿದೇ ಕೇಳಲಿಕ್ಕೆ. "ಅಷ್ಟು ದೂರ ಬಂದು ಕಣ್ಣು ಮುಚ್ಚಿ ಕೂರುವುದು!" ಎಂದು ಅವರ ಹೆಂಡತಿ ನಗುತ್ತಿದ್ದರು.

ಅವನ ಕಲೆಯ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕ ಬರೆಯಬೇಕೆಂಬುದು ಡಾಕ್ಟರ ಆಸೆಯಾಗಿತ್ತು. ಔಷಧ ಕಂಪೆನಿಯವರು ಕೊಟ್ಟುಹೋಗುವ ಜಾಹೀರಾತು ಹಾಳೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದರು. ಭಾಷೆ ತಿದ್ದಲು ನನ್ನನ್ನು ಕೇಳಿದರು. ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ನಾನು ಓದುವುದು, ಅವರು ಕೇಳುವುದು. ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ. ಸಿನಿಮಾದ ವಿಷಯ ಬಂದರೆ ಮಾತ್ರ ಅವರು ಬೆನ್ನು ನೆಟ್ಟಗೆ ಮಾಡಿ ಕನ್ನಡಕ್ಕೆ ಬರುತ್ತಿದ್ದರು.

ಅವನ ಚಿತ್ರ ನೋಡುವಾಗ ಆಗುವ ಅನುಭವಕ್ಕೆ ಕನ್ನಡದಲ್ಲಿ ಹೆಸರೇನು ಎಂಬಲ್ಲಿಯೇ ನಮ್ಮ ಮೊದಲ ತಕರಾರು.

"ಕುತೂಹಲ ಅಂತ ಬರೆಯುವ," ಎಂದೆ.

"ಕುತೂಹಲ ಪಕ್ಕದ ಮನೆಗೆ ಯಾರು ಬಂದರು ಅಂತ ಇಣುಕುವುದಕ್ಕೆ, ಟೀಚರೇ. ಇದು ಬೇರೆ. ಯಕ್ಷಗಾನದಲ್ಲಿ ವ್ಯೂಹದೊಳಗೆ ನುಗ್ಗುವ ಆ ಹುಡುಗ ಸಾಯ್ತಾನೆ ಅಂತ ಎಲ್ಲರಿಗೂ ಗೊತ್ತುಂಟು. ಆದರೂ ಅವನು ನಗುತ್ತಾ ರಂಗಸ್ಥಳಕ್ಕೆ ಬರುವಾಗ ಹೊಟ್ಟೆಯಲ್ಲಿ ಏನೋ ಆಗ್ತದಲ್ಲ, ಅದಕ್ಕೆ ಏನು ಹೇಳ್ತೀರಿ?"

ಕೊನೆಗೆ 'ತಳಮಳ' ಎಂದು ಬರೆದೆವು. ಅವರಿಗೆ ಅದೂ ಪೂರ್ತಿ ಒಪ್ಪಿಗೆಯಾಗಲಿಲ್ಲ.

ಒಮ್ಮೆ ನನ್ನನ್ನೂ ಜೊತೆಗೆ ಕರೆದೊಯ್ದರು. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ. ಆದರೂ ಚಿತ್ರದಲ್ಲಿ ಒಬ್ಬಳು ಹಾಡು ಗುನುಗುತ್ತಾ ಬಟ್ಟೆ ಮಡಚುತ್ತಿದ್ದಾಗ, ಅವಳ ಬೆನ್ನ ಹಿಂದಿನ ಬಾಗಿಲು ನಿಧಾನ ತೆರೆದುಕೊಂಡದ್ದು ಕಂಡು ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆನಂತೆ. ಡಾಕ್ಟರು ತೆರೆಯ ಕಡೆ ನೋಡುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ವಾಪಸು ಬರುವಾಗ ಹೇಳಿದರು, "ನೀವು ಯಾಕೆ ಎದ್ದಿರಿ? ಅವಳಿಗೆ ಹೇಳಲಿಕ್ಕೆ. ಇವನು ಗುಟ್ಟನ್ನು ನಮ್ಮ ಕಿವಿಯಲ್ಲಿ ಹೇಳ್ತಾನೆ, ಆಮೇಲೆ ನಮ್ಮನ್ನೇ ಕುರ್ಚಿಗೆ ಕಟ್ಟಿ ಹಾಕ್ತಾನೆ. ದೊಡ್ಡ ಕಲಾವಿದ. ಆದರೆ ದಯೆ ಇಲ್ಲದವನು."

ಹೊಗಳಿಕೆ, ಆಕ್ಷೇಪ ಎರಡೂ ಅವರ ಬರವಣಿಗೆಯಲ್ಲಿ ಹೀಗೇ ಒಟ್ಟಿಗೆ ಬರುತ್ತಿದ್ದವು. ಕೊಲೆಗಾರನಿಗಿಂತ ಕತ್ತರಿ, ಬೀಗ, ಮೆಟ್ಟಿಲು ಇಂಥವಕ್ಕೇ ಆ ನಿರ್ದೇಶಕ ಹೆಚ್ಚು ಹೊತ್ತು ಕೊಡುತ್ತಾನೆಂದೂ, ದಿನಬಳಕೆಯ ವಸ್ತುವನ್ನು ನಂಬದಂತೆ ಮಾಡಿಬಿಡುತ್ತಾನೆಂದೂ ಒಂದು ಕಡೆ ಬರೆದಿದ್ದರು. ಅಳುವವರನ್ನು ತೋರಿಸಲು ಅವನಿಗೆ ತಾಳ್ಮೆಯಿಲ್ಲ, ಸತ್ತವರನ್ನು ಅವನು ಬೇಗ ಮರೆಯುತ್ತಾನೆ ಎಂದು ಇನ್ನೊಂದು ಕಡೆ. ದಿನಾ ಸಾವು ನೋಡುವವರಿಗೆ ಹಾಗೆ ಕಾಣಿಸಿತೋ ಏನೋ...

ಅದೇ ವರ್ಷ ಅಣ್ಣನಿಗೆ ಕಕ್ಕಿಂಜೆಯ ಒಂದು ಮನೆಯ ಹುಡುಗಿ ನಿಶ್ಚಯವಾದಳು. ಅಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಅಣ್ಣನೂ ಖುಷಿಯಲ್ಲಿದ್ದ. ಆದರೆ ಬಸ್ಸಿನ ಮೇಲಕ್ಕೆ ಮೂಟೆ ಕೊಟ್ಟು ಇಳಿದರೆ ಏದುಸಿರು ಬಿಡುತ್ತಿದ್ದ. ಸಂಜೆಗೆ ಕಾಲು ಊದಿಕೊಳ್ಳುತ್ತಿತ್ತು. ಡಾಕ್ಟರು ಅವನನ್ನು ಮಂಗಳೂರಿಗೆ ಕಳಿಸಿ ಎಕ್ಸ್‌ರೇ ತೆಗೆಸಿದರು. ಬಂದ ಮೇಲೆ, "ಸ್ವಲ್ಪ ನಿಶ್ಶಕ್ತಿ, ವಿಶ್ರಾಂತಿ ಬೇಕು," ಎಂದಷ್ಟೇ ನಮಗೆಲ್ಲ ತಿಳಿಯಿತು.

ನಿಜವನ್ನು ಅಮ್ಮನಿಗೆ ಮಾತ್ರ ಹೇಳಿದ್ದರು. ಆಗೆಲ್ಲ ಅದೇ ಪದ್ಧತಿ, ರೋಗಿಗೆ ಹೇಳುವುದಿಲ್ಲ, ಮನೆಯ ಹಿರಿಯರಿಗೆ ಹೇಳುವುದು. ಬಾಲ್ಯದಲ್ಲಿ ಬಂದ ಯಾವುದೋ ಜ್ವರ ಹೃದಯವನ್ನು ಕೆಡಿಸಿಬಿಟ್ಟಿತ್ತು. ಹೆಚ್ಚು ಕಾಲವಿಲ್ಲ. ಅಮ್ಮ ಅವರ ಕಾಲಿಗೆ ಬಿದ್ದಿದ್ದರಂತೆ. "ಮದುವೆಯೊಂದು ಮುಗಿಯಲಿ ಡಾಕ್ಟ್ರೇ. ನನ್ನ ಮಗ ಒಂದು ದಿನವಾದರೂ ಸಂಸಾರ ಮಾಡಲಿ. ನೀವು ಬಾಯಿ ಬಿಡಬೇಡಿ." ಡಾಕ್ಟರು ಆಗಲಿ ಎಂದುಬಿಟ್ಟಿದ್ದರು.

ಇದು ನನಗೆ ಆಗ ಗೊತ್ತಿರಲಿಲ್ಲ. ಡಾಕ್ಟರು ಸೊರಗುತ್ತಿರುವುದು ಮಾತ್ರ ಕಾಣುತ್ತಿತ್ತು. ಜಗಲಿಯಲ್ಲಿ ಕೂತರೆ ಅವರ ಕಣ್ಣು ರಸ್ತೆಯ ಆಚೆಗೇ. ಅಲ್ಲಿ ಅಣ್ಣ ಟಿಕೇಟು ಹರಿಯುತ್ತಾ, ಪರಿಚಯದವರ ಹತ್ತಿರ ಮದುವೆಯ ಮಾತಾಡುತ್ತಾ ನಗುತ್ತಿದ್ದ. ಕರೆಯೋಲೆ ಅಚ್ಚಿಗೆ ಹೋಗಿತ್ತು.

ಅಂಥ ಒಂದು ಭಾನುವಾರ ನಾನು ಅವರ ಹೊಸ ಹಾಳೆ ಓದುತ್ತಿದ್ದೆ. ಪ್ರೇಕ್ಷಕ ಎಂದರೆ ಗೊತ್ತಿದ್ದೂ ಸುಮ್ಮನಿರುವವನು, ಆದರೆ ಅವನಿಗೆ ಕ್ಷಮೆಯಿದೆ, ಯಾಕೆಂದರೆ ಅವನೆಷ್ಟು ಕೂಗಿದರೂ ತೆರೆಯ ಒಳಗಿರುವವರಿಗೆ ಕೇಳಿಸದು ಎಂದು ಬರೆದಿದ್ದರು.

"ಇಲ್ಲಿ ಮಾತು ಅರ್ಧಕ್ಕೆ ನಿಂತ ಹಾಗೆ ಆಗ್ತದೆ ಡಾಕ್ಟ್ರೇ," ಎಂದೆ. "ಕೇಳಿಸುವ ಹಾಗಿದ್ದರೆ ಕ್ಷಮೆ ಇಲ್ಲವಾ? ಅದನ್ನೂ ಬರೆಯಬೇಕಲ್ಲ?"

ಅವರು ನನ್ನನ್ನು ನೋಡಿದರು. ಎಷ್ಟು ದಣಿದ ಮುಖ ಅದು... "ಸಾಕು ಟೀಚರೇ," ಎಂದು ಎದ್ದರು. ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿ ಅಣ್ಣನ ಕೋಣೆಯೊಳಗೆ ಹೋದರು. ಬಾಗಿಲು ಮುಚ್ಚಿತು. ಮೂಡಬಿದಿರೆಯ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು. ಯಾರೂ ಹೊರಗೆ ಬಂದು ಕೂಗಲಿಲ್ಲ. ಡ್ರೈವರು ಹಾರ್ನ್ ಹೊಡೆದು ಹೊಡೆದು ಕೊನೆಗೆ ಹೊರಟುಹೋದ.

ಒಳಗೆ ನಡೆದದ್ದನ್ನು ಅಣ್ಣ ಆಮೇಲೆ ಹೇಳಿದ. ಡಾಕ್ಟರು ಅವನ ಕೈ ಹಿಡಿದುಕೊಂಡು, "ಮಾರಾಯ, ನಿನ್ನ ವಿಷಯ ನನಗೆ ಗೊತ್ತುಂಟು, ನಿನ್ನ ಅಮ್ಮನಿಗೆ ಗೊತ್ತುಂಟು, ನಿನಗೆ ಮಾತ್ರ ಗೊತ್ತಿಲ್ಲ. ಅದು ಸರಿಯಲ್ಲ," ಎಂದು ಶುರು ಮಾಡಿದರಂತೆ. ಅಣ್ಣ ಅತ್ತನಂತೆ. ಡಾಕ್ಟರೂ ಅತ್ತರಂತೆ.

ಮರುದಿನ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಬ್ಬನೇ ಕಕ್ಕಿಂಜೆಗೆ ಹೋಗಿ, ಹುಡುಗಿಯ ಅಪ್ಪನಿಗೆ ಎಲ್ಲ ಹೇಳಿ ಬಂದ. ಸಂಬಂಧ ಅಲ್ಲಿಗೆ ಮುಗಿಯಿತು. ಅಮ್ಮ ಊಟ ಬಿಟ್ಟು ಮಲಗಿದರು. ಆಮೇಲೆ ಸಾಯುವವರೆಗೂ ಅವರು ಕ್ಲಿನಿಕ್ಕಿನ ಬದಿಗೆ ತಲೆ ಹಾಕಲಿಲ್ಲ. 'ಮದುವೆ ಮುರಿದ ಡಾಕ್ಟ್ರು' ಎಂಬ ಮಾತು ಊರಲ್ಲಿ ಹಬ್ಬಿತು. ಬಾಯಿ ನಿಲ್ಲದವರ ಹತ್ತಿರ ಗುಟ್ಟಿನ ಕಾಯಿಲೆ ಹೇಳಿಕೊಳ್ಳುವುದು ಹೇಗೆ ಎಂದು ಜನ ಬೆಳ್ತಂಗಡಿಗೆ ಹೋಗತೊಡಗಿದರು.

ಅಣ್ಣ ಮುಂದಿನ ವರ್ಷದ ಮಳೆಗಾಲ ದಾಟಲಿಲ್ಲ. ಅಷ್ಟರವರೆಗೂ ಡಾಕ್ಟರು ದಿನಾ ಸಂಜೆ ಅವನ ಕೋಣೆಗೆ ಹೋಗಿ ಕೂರುತ್ತಿದ್ದರು. ಇಬ್ಬರೂ ಏನು ಮಾತಾಡುತ್ತಿದ್ದರೋ... ಹೆಚ್ಚಾಗಿ ಸುಮ್ಮನೇ ಬಸ್ಸು ನೋಡುತ್ತಿದ್ದರು. ಅವನು ಹೋದ ಮೇಲೆ ಅವರು ಕ್ಲಿನಿಕ್ಕು ಮುಚ್ಚಿ ಹೆಂಡತಿಯ ಊರಾದ ಬಂಟ್ವಾಳಕ್ಕೆ ಹೋದರು.

ಒಮ್ಮೆ ಅಲ್ಲಿಗೆ ಹೋಗಿದ್ದೆ. ಆ ನಿರ್ದೇಶಕನ ಹೊಸ ಚಿತ್ರವೊಂದು ಮಂಗಳೂರಿಗೆ ಬಂದಿತ್ತು. ನೋಡಿದಿರಾ ಎಂದು ಕೇಳಿದೆ.

"ಇಲ್ಲ ಟೀಚರೇ. ಈಗ ಹಾಡು ಕುಣಿತ ಇರುವಂಥದ್ದಾದರೆ ಮಾತ್ರ ಹೋಗ್ತೇನೆ." ಆಮೇಲೆ, "ನಿಮ್ಮ ಅಮ್ಮ ಹೇಗಿದ್ದಾರೆ?" ಎಂದು ಕೇಳಿದರು. ಪುಸ್ತಕದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೆಲವು ವರ್ಷಗಳಲ್ಲಿ ಅವರೂ ತೀರಿಹೋದರು. ಸುದ್ದಿ ನನಗೆ ಮುಟ್ಟುವಾಗ ಎಲ್ಲ ಕ್ರಿಯೆಗಳೂ ಮುಗಿದಿದ್ದವು.

ಅವರು ಮಾಡಿದ್ದು ಸರಿ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಕಳೆದ ವರ್ಷ ಇಲ್ಲೇ, ನಾನೀಗಿರುವ ಮೂಡಬಿದಿರೆಯ ಒಂದು ಮದುವೆಯಲ್ಲಿ ನನ್ನ ಪಕ್ಕದಲ್ಲಿ ಕೂತ ಮುದುಕಿ ತಾನಾಗಿ ಗುರುತು ಹೇಳಿದರು. ಕಕ್ಕಿಂಜೆಯ ಆ ಹುಡುಗಿ. ಆಮೇಲೆ ಹತ್ತಿರದ ನೆರಿಯ ಊರಿಗೆ ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳನ್ನು ಕಂಡವರು. ಅಣ್ಣ ಬಂದ ದಿನ ಅವರು ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರಂತೆ.

"ನಿಮ್ಮ ಅಣ್ಣ ಒಳ್ಳೆಯವರು. ಡಾಕ್ಟ್ರೂ ಒಳ್ಳೆಯವರೇ ಇರಬೇಕು," ಎಂದರು. "ಆದರೆ ನೋಡಿ, ನಿಮ್ಮ ಅಣ್ಣ ನನ್ನ ಅಪ್ಪನಿಗೆ ಹೇಳಿದರು. ಅಪ್ಪ ಬೇಡ ಅಂದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಆಗಬಹುದು ಅಂತ ಹೇಳ್ತಿದ್ದೆ."

ನಾನು ಅವರ ಕೈ ಹಿಡಿದು ಕೂತೆ. ಈ ಮಾತು ಡಾಕ್ಟರಿಗೆ ಮುಟ್ಟಬೇಕಿತ್ತು, ಅಣ್ಣನಿಗೆ ಮುಟ್ಟಬೇಕಿತ್ತು. ಮೊನ್ನೆ ಆ ಹೆಂಗಸೂ ಹೋದರೆಂದು ಯಾರೋ ಹೇಳಿದರು. ಈಗ ಆ ಮಾತು ನನ್ನೊಬ್ಬಳ ಹತ್ತಿರ ಇದೆ. ಯಾರಿಗೆ ಒಪ್ಪಿಸಲಿ ಎಂದು ತಿಳಿಯುವುದಿಲ್ಲ.