ಕಾಗೆಯ ಕಣ್ಣಂಚಿನ ಉಣ್ಣಿ

ಯಾರ ದನಿ ಕಿವಿಗೆ ಬಿದ್ದರೂ ಹಾಗೇ ಆಡಿ ತೋರಿಸುವುದು ನನ್ನ ಚಟ. ಯಮುನೆಯ ದಡದಲ್ಲಿ ಬಲೆ ಕಟ್ಟಿ, ಸಿಕ್ಕ ಹಕ್ಕಿಗಳ ಕಣ್ಣು, ಕಿವಿಗಳ ಸುತ್ತ ಕಚ್ಚಿಕೊಂಡ ಉಣ್ಣಿಗಳನ್ನು ಚಿಮಟದಿಂದ ಬಿಡಿಸಿ ಶೀಶೆಗೆ ಹಾಕುವುದು ನನ್ನ ಸಂಶೋಧನೆ. ಎರಡರಲ್ಲಿ ಯಾವುದರಿಂದ ಹೊಟ್ಟೆ ತುಂಬುತ್ತದಪ್ಪಾ ಎಂದು ದೊಡ್ಡಪ್ಪ ಆಗಾಗ ಕೇಳುತ್ತಿದ್ದರು. ಸದ್ಯಕ್ಕೆ ದೊಡ್ಡಮ್ಮನ ಅಡುಗೆಯಿಂದ ಎನ್ನುತ್ತಿದ್ದೆ. ನಾನು ಇದ್ದದ್ದು ಅವರ ಮನೆಯಲ್ಲೇ, ಮಯೂರ್ ವಿಹಾರದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ.

ಸರ್ಕಾರಿ ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ದೊಡ್ಡಪ್ಪ ದಿನಾ ಬೆಳಿಗ್ಗೆ ತಾರಸಿಯಲ್ಲಿ ಹಕ್ಕಿಗಳಿಗೆ ಕಾಳು, ನೀರಿನ ಬಟ್ಟಲು ಇಡುತ್ತಿದ್ದರು. ಅವರು ತೀರಿಹೋದ ಮೇಲೂ ದೊಡ್ಡಮ್ಮ ಅದನ್ನು ಬಿಡಲಿಲ್ಲ. ವರ್ಷಾಂತಿಕ ಹತ್ತಿರವಾದಾಗ ಮೇಲಿನ ಮನೆಯ ಮಗು ವಿಪರೀತ ಜ್ವರದಿಂದ ಮಲಗಿತು. ಮೈಯೆಲ್ಲ ಕೆಂಪು ಚುಕ್ಕೆ. ಉಣ್ಣಿ ಕಚ್ಚಿ ಬಂದ ಜ್ವರ ಎಂದರು ಡಾಕ್ಟರು. ಮಗು ಆಡುತ್ತಿದ್ದುದು ಅದೇ ತಾರಸಿಯಲ್ಲಿ.

ಸೊಸೈಟಿಯ ಸಭೆಗೆ ನನ್ನನ್ನು ಕರೆದು, ಹಕ್ಕಿಗಳು ಉಣ್ಣಿ ತರುತ್ತವೆಯೇ ಎಂದು ಕೇಳಿದರು. ತರುತ್ತವೆ ಎಂದೆ. ಎಲ್ಲೋ ಹುಲ್ಲಿನಲ್ಲಿ ಹಕ್ಕಿಯನ್ನು ಹತ್ತಿದ ಉಣ್ಣಿ, ರಕ್ತ ಕುಡಿದು ಹೊಟ್ಟೆ ತುಂಬಿದಾಗ ಎಲ್ಲೋ ಉದುರುತ್ತದೆ. ಕೆಲವು ರೋಗವನ್ನೂ ಜೊತೆಗೆ ತಂದಿರುತ್ತವೆ. ಸಭೆ ಗಂಭೀರವಾಯಿತೆಂದು, ಮೆಟ್ರೋದ ಹೆಂಗಸಿನ ದನಿಯಲ್ಲಿ ಮುಂದಿನ ನಿಲ್ದಾಣ ಮಯೂರ್ ವಿಹಾರ್ ಎಂದು ಉಣ್ಣಿಗಳಿಗೆ ಪ್ರಕಟಣೆಯನ್ನೂ ಕೊಟ್ಟೆ. ಎಲ್ಲರೂ ನಕ್ಕರು. ಮಗುವನ್ನು ಕಚ್ಚಿದ್ದು ಹಕ್ಕಿಯಿಂದ ಬಿದ್ದದ್ದೋ ಬೀದಿನಾಯಿಯದೋ ಹೇಳಲಾಗದು ಎಂಬ ನನ್ನ ಮುಂದಿನ ಮಾತು ಆ ನಗುವಿನಲ್ಲಿ ಮುಳುಗಿತು. ತಾರಸಿಯಲ್ಲಿ ಇನ್ನು ಹಕ್ಕಿಗಳಿಗೆ ಏನೂ ಇಡಬಾರದೆಂದು ತೀರ್ಮಾನವಾಯಿತು.

ದೊಡ್ಡಮ್ಮ ನಕ್ಕಿರಲಿಲ್ಲ. ಬಟ್ಟಲನ್ನು ಒಳಗೆ ತಂದು ಬೋರಲು ಹಾಕಿದರು.

‘ಇವರು ಪುಣ್ಯ ಬರಲಿ ಅಂತ ಇಟ್ಟಿದ್ದರು. ಆ ಮಗುವಿಗೆ ಏನಾದ್ರೂ ಆದ್ರೆ ಆ ಪಾಪ ಇವರ ತಲೆಗೇ ಅಲ್ವೇನೋ?’



ಮಕ್ಕಳಿಲ್ಲದ ದೊಡ್ಡಪ್ಪನಿಗೆ ಕರ್ಮ ಮಾಡುವವನು ನಾನೇ. ಪಿಂಡವನ್ನು ಕಾಗೆ ಮುಟ್ಟುವವರೆಗೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ತಾರಸಿಯಲ್ಲಿ ಇಡುವಂತಿರಲಿಲ್ಲವಾದ್ದರಿಂದ ವರ್ಷಾಂತಿಕದ ದಿನ ಎಲೆಯಲ್ಲಿ ಪಿಂಡ ಹಿಡಿದು, ನಾನು ಬಲೆ ಕಟ್ಟುವ ದಡಕ್ಕೇ ಹೋದೆವು. ಹುಲ್ಲಿಗೆ ಇಳಿಯುವ ಮುನ್ನ ಉಣ್ಣಿ ಹತ್ತದಂತೆ ಉದ್ದನೆಯ ಕಾಲುಚೀಲ ಹಾಕಿಕೊಳ್ಳಬೇಕು. ಅದು ನಮ್ಮ ಕೆಲಸದ ಮಡಿ. ದೊಡ್ಡಮ್ಮ ಮಡಿಸೀರೆಯ ಕೆಳಗೆ ನನ್ನ ಕಾಲುಚೀಲ ಏರಿಸಿದರು. ಪಂಚೆಗೆ ಕಾಲುಚೀಲ ತೊಟ್ಟ ನನ್ನ ಅವತಾರಕ್ಕೆ ಯಾವ ಪಿತೃವಾದರೂ ಹೆದರಬೇಕು.

ಕಾಗೆಗಳು ಮರದಲ್ಲೇ ಕೂತು ನೋಡಿದವು. ಹೀಗಾದಾಗ, ಹೋದವರಿಗೆ ಏನು ಆಸೆ ಉಳಿದಿತ್ತೋ ಊಹಿಸಿ ಮಾತು ಕೊಡಬೇಕು. ಥೀಸಿಸ್ ಮುಗಿಸುತ್ತೇನೆ ಎಂದು ನಾನು ಮಾತು ಕೊಟ್ಟೆ. ಒಂದು ಕಾಗೆಯೂ ನಂಬಲಿಲ್ಲ. ಹೊತ್ತು ಏರುತ್ತಿತ್ತು. ನಾನು ಬಲ್ಲ ವಿದ್ಯೆಯೊಂದೇ ಉಳಿಯಿತೆಂದು ಕಾಗೆಯಂತೆ ಕೂಗಲು ಬಾಯಿ ತೆರೆದೆ.

‘ನೀನು ಕೂಗಬೇಡ ಕಣೋ. ಅವರಾಗೇ ಬರಲಿ’ ಎಂದರು ದೊಡ್ಡಮ್ಮ. ಆಮೇಲೆ ಮರದ ಕಡೆ ಕೈಮುಗಿದು, ಊಟಕ್ಕೆ ಕರೆಯುವ ದನಿಯಲ್ಲೇ ಹೇಳಿದರು:

‘ಮಗು ಹುಷಾರಾಗಿದೆ. ನಿನ್ನೆ ಸ್ಕೂಲಿಗೂ ಹೋಯ್ತು. ನೀವು ಮನಸ್ಸಿಗೆ ಹಚ್ಕೋಬೇಡಿ.’

ಸ್ವಲ್ಪ ಹೊತ್ತಿಗೆ ಒಂದು ಕಾಗೆ ಇಳಿದು, ಕುಪ್ಪಳಿಸುತ್ತ ಬಂದು, ಪಿಂಡಕ್ಕೆ ಕೊಕ್ಕು ಹಾಕಿತು. ಅದರ ಕಣ್ಣಂಚಿನಲ್ಲಿ ಬೂದು ಬಣ್ಣದ ಉಣ್ಣಿಯೊಂದು ರಕ್ತ ಕುಡಿದು ಉಬ್ಬಿತ್ತು. ನಾನು ನೋಡುತ್ತಿದ್ದುದನ್ನು ದೊಡ್ಡಮ್ಮನೂ ನೋಡಿದರು.

‘ಅದನ್ನ ತೆಗೆಯೋಕಾಗತ್ತಾ?’

‘ಹಿಡಿದ್ರೆ ಆಗತ್ತೆ. ಬಲೆ ಬ್ಯಾಗಲ್ಲೇ ಇದೆ.’

‘ಇವತ್ತು ಬೇಡ. ಊಟ ಮಾಡ್ಲಿ.’

ಆಟೊ ಹತ್ತುವ ಮುನ್ನ ಅವರು ತಾವಾಗಿಯೇ ಕೈಗಳನ್ನು ಅಗಲಿಸಿ ನಿಂತರು. ನಾನು ಸೀರೆಯ ಒಂದೊಂದು ನೆರಿಗೆಯನ್ನೂ ಬಿಡಿಸಿ ಉಣ್ಣಿ ಹುಡುಕಿದೆ. ಮಡಿಯ ಮಾತನ್ನು ಅವರು ಎತ್ತಲಿಲ್ಲ.