ಪೂನಮಳ ಗ್ರಾಫಿಗೆ ಬಂದ ಜ್ವರ

ಸೊಲ್ಲಾಪುರ ರಸ್ತೆಯ ನನ್ನ ಇಂಗ್ಲಿಷ್ ಕ್ಲಾಸಿನಲ್ಲಿ ಪೂನಮಳಷ್ಟು ಸಿಟ್ಟು ತರಿಸಿದವರು ಇನ್ನೊಬ್ಬರಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅನ್ನಿ. ಆದರೆ ಅವಳಷ್ಟು ನಗಿಸಿದವರೂ ಇಲ್ಲ.

ಪೂನಮ ಕಳ್ಳಕವಟಗಿಯ ದ್ರಾಕ್ಷಿ ತೋಟದವರ ಹುಡುಗಿ, ವಿಜಯಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಐರ್ಲೆಂಡಿನ ಆಸ್ಪತ್ರೆಯೊಂದು ಅವಳನ್ನು ಆರಿಸಿತ್ತು. ಇಂಗ್ಲಿಷ್ ಪರೀಕ್ಷೆ ಪಾಸಾದರೆ ಮಾತ್ರ ಕೆಲಸ. ಓದುವುದು, ಕೇಳುವುದು, ಮಾತಾಡುವುದು ಎಲ್ಲವನ್ನೂ ಸಲೀಸಾಗಿ ದಾಟಿದವಳು ಬರವಣಿಗೆಯಲ್ಲಿ, ಅದರಲ್ಲೂ ಗ್ರಾಫ್ ನೋಡಿ ಬರೆಯುವ ಪ್ರಶ್ನೆಯಲ್ಲಿ, ಎರಡು ಸಲ ಬಿದ್ದಿದ್ದಳು. ಈ ಸಲವೂ ಹೋದರೆ ಆ ಕೆಲಸ ಬೇರೆಯವರ ಪಾಲು.

ಗ್ರಾಫ್ ನೋಡಿ ಬರೆಯುವುದೇನು ಮಹಾ! ಗೆರೆ ಏರಿದರೆ ಏರಿತು, ಇಳಿದರೆ ಇಳಿಯಿತು, ನೆಟ್ಟಗೆ ಹೋದರೆ ಹಾಗೇ ಇತ್ತು ಎನ್ನಬೇಕು. ಒಮ್ಮೆಲೇ ಏರಿತೋ ನಿಧಾನಕ್ಕೆ ಏರಿತೋ ಹೇಳಿದರೆ ಮುಗಿಯಿತು. ಯಾಕೆ ಎಂದು ಮಾತ್ರ ಬರೆಯಕೂಡದು. ಗ್ರಾಫಿನಲ್ಲಿ ಇಲ್ಲದ್ದು ಉತ್ತರದಲ್ಲೂ ಇರಬಾರದು.

ಪೂನಮಳ ಕೈ ನಿಲ್ಲಬೇಕಲ್ಲ! ಯಾವುದೋ ದೇಶದಲ್ಲಿ ಚಹಾ ಮಾರಾಟ ಇಳಿದ ಗ್ರಾಫ್ ಕೊಟ್ಟರೆ, ‘ಹಾಲು ತುಟ್ಟಿಯಾಗಿರಬೇಕು, ಪಾಪ’ ಎಂದು ಚೆಂದದ ಇಂಗ್ಲಿಷಿನಲ್ಲಿ ಬರೆದಿದ್ದಳು. ಸಿನಿಮಾ ನೋಡುವವರು ಕಡಿಮೆಯಾದರೆ, ‘ಸುಗ್ಗಿ ಇರಬಹುದು’.

“ಪಾಪ ಅಂತ ಯಾವ ಗೆರಿ ಬಂದು ಹೇಳೈತಿ ನಿನಗ?” ಎಂದು ರೇಗಿದೆ.

“ಏನ ಮಾಡ್ಲಿರಿ ಮೇಡಂ, ದ್ರಾಕ್ಷಿ ರೇಟ್ ಇಳೀತು ಅಂತಷ್ಟ ಹೇಳಿ ಸುಮ್ನ ಕುಂತ್ರ ನಮ್ಮವ್ವ ಊಟಾನ ಹಾಕಂಗಿಲ್ಲ. ಮಳಿ ಬಂತೋ, ವ್ಯಾಪಾರಿ ಬರಲಿಲ್ಲೋ, ಎಲ್ಲಾ ಬಿಡಿಸಿ ಹೇಳಬೇಕು.”

ಅವಳ ಅವ್ವ ಹುಲಿಗೆವ್ವ ಒಮ್ಮೆ ಸಜ್ಜೆ ರೊಟ್ಟಿ ಕಟ್ಟಿಕೊಂಡು ಕ್ಲಾಸಿಗೇ ಬಂದಿದ್ದರು. ಬಸ್ಸು ತಡವಾಯಿತು ಎಂದು ಹೇಳಲು ದಾರಿಯಲ್ಲಿನ ಟಿಕೋಟಾದಿಂದ ಶುರುಮಾಡಿ, ಡ್ರೈವರನ ಸೋದರಮಾವನ ಮಗಳ ಮದುವೆಯವರೆಗೂ ಹೋದರು. ಅವರ ಮಾತು ಕೇಳಿದ ಮೇಲೆ ಪೂನಮಳ ಮೇಲಿನ ನನ್ನ ಅರ್ಧ ಸಿಟ್ಟು ಇಳಿಯಿತು.

ಪರೀಕ್ಷೆ ಹತ್ತಿರ ಬಂದಾಗ ನನಗೇ ಜ್ವರ ಬಂದು, ಪೂನಮಳ ಆಸ್ಪತ್ರೆಯಲ್ಲೇ ಮಲಗಿದೆ. ಮಧ್ಯಾಹ್ನ ಅವಳ ಪಾಳಿ ಮುಗಿಯಿತು, ಇನ್ನೊಬ್ಬ ನರ್ಸ್ ಬಂದಳು. ಪೂನಮ ನನ್ನ ಜ್ವರದ ಚಾರ್ಟ್ ಹಿಡಿದು ಅವಳಿಗೆ ಒಪ್ಪಿಸತೊಡಗಿದಳು. “ನಸುಕಿನ್ಯಾಗ ಜ್ವರ ಒಮ್ಮಿಗೇ ಏರೈತಿ. ಆಮ್ಯಾಲ ಸಾವಕಾಶ ಇಳದೈತಿ. ಈಗ ಹಂಗ ಐತಿ. ಬಿಪಿ ಏನೂ ಬದಲಾಗಿಲ್ಲ.”

ಅಷ್ಟೇ. ಪಾಪ ಇಲ್ಲ, ಸುಗ್ಗಿ ಇಲ್ಲ! ಕೈಗೆ ಸಲೈನ್ ಹಚ್ಚಿದ್ದನ್ನೂ ಮರೆತು ಎದ್ದು ಕೂತೆ.

“ಲೇ ಪೂನಮ! ಜ್ವರ ಯಾಕ ಏರಿತು ಅಂತ ಹೇಳಲೇ ಇಲ್ಲಲ್ಲ ನೀ?”

“ಅದನ್ನ ಡಾಕ್ಟರ ಹೇಳ್ತಾರ್ರಿ. ಚಾರ್ಟ್‌ನ್ಯಾಗ ಇದ್ದದ್ದಷ್ಟ ನಾವು ಹೇಳೂದು. ಮಲಕೋರಿ ಮೇಡಂ, ಸೂಜಿ ಕಿತ್ತೀತು!”

“ಸೂಜಿ ಹಾಳಾಗ್ಲಿ! ಗ್ರಾಫಿಗೂ ಜ್ವರ ಬಂದೈತಿ, ನಿನ್ನ ಪಾಳಿ ಮುಗದೈತಿ ಅಂತ ತಿಳ್ಕೊ. ಹಿಂಗ ಬರಿ!”

ಅವಳು ಚಾರ್ಟನ್ನು ನೋಡಿದಳು, ನನ್ನನ್ನು ನೋಡಿದಳು. “ಯಪ್ಪಾ! ಇಷ್ಟೇನ್ರಿ?” ಎಂದು ಬಿದ್ದು ಬಿದ್ದು ನಕ್ಕಳು. ಪಕ್ಕದ ಮಂಚದ ಅಜ್ಜಿಯೂ ಏನೊಂದೂ ತಿಳಿಯದೆ ನಕ್ಕಿತು.

ಫಲಿತಾಂಶ ಬಂದ ದಿನ ತಾಯಿ ಮಗಳು ಪೇಢೆ ಹಿಡಿದು ಬಂದರು. ಪೂನಮ ಬಾಗಿಲಲ್ಲೇ ನೆಟ್ಟಗೆ ನಿಂತು ಒಪ್ಪಿಸಿದಳು. “ಬರವಣಿಗಿ ಮಾರ್ಕ್ಸ್ ಎರಡ ಸಲ ಹಂಗ ಇದ್ದುವು. ಈ ಸಲ ಒಮ್ಮಿಗೇ ಏರ್ಯಾವ.”

ಪಾಸಾಗಿದ್ದಳು ನನ್ನ ಹುಡುಗಿ! ಖುಷಿಗೆ ನನ್ನ ಕಣ್ಣು ತುಂಬಿ ಬಂತು. ಹುಲಿಗೆವ್ವನಿಗೆ ಅಷ್ಟು ಎಲ್ಲಿ ಸಾಕು?

“ಯಾಕ ಏರ್ಯಾವ? ಅದನ್ನ ಹೇಳ ಮೊದಲ!”

“ಕಾರಣ ಹೇಳಬಾರದ ಬೇ,” ಎಂದು ಪೂನಮ ನನ್ನತ್ತ ಕಳ್ಳನೋಟ ಬೀರಿದಳು. “ಹೋಗ್ಲಿ, ಪರೀಕ್ಷಿ ಮುಗದೈತಲ್ಲ. ಕಾರಣ ಇಲ್ಲೇ ನಿಂತಾರ ನೋಡು.”

ಬೈಯೋಣವೆಂದರೆ, ಅಷ್ಟರಲ್ಲಿ ಹುಲಿಗೆವ್ವ ನನ್ನ ಬಾಯಿಗೆ ಪೇಢೆ ತುರುಕಿಬಿಟ್ಟಿದ್ದರು.